ಅಡಿಗೆಮನೆಗೂ ಎರಡು ಬೀಗ



ನಾನು ಬ್ಯಾಂಕಿನಲ್ಲಿ ಕಾರಕೂನನಾಗಿದ್ದವನು. ಅಲ್ಲಿ ತಿಜೋರಿಗೆ ಎರಡು ಬೀಗದ ಕೈ. ಒಂದು ಒಬ್ಬರ ಹತ್ತಿರ, ಇನ್ನೊಂದು ಮತ್ತೊಬ್ಬರ ಹತ್ತಿರ. ಒಬ್ಬರ ಕೈ ತಪ್ಪಿದರೂ ಇನ್ನೊಂದು ಬೀಗ ಕಾಯುತ್ತದೆ. ಮನೆಯ ಗ್ಯಾಸಿನ ಒಲೆಗೂ ಇದೇ ನಿಯಮ ಎಂದು ನನಗೆ ತಿಳಿದದ್ದು ತಡವಾಗಿ, ಅದೂ ಒಂದು ಸಲ ಹೆದರಿಕೊಂಡ ಮೇಲೆ.

ಕಾಣಕೋಣದ ಕಡೆ ಬಾಡಿಗೆ ಮನೆಯಲ್ಲಿದ್ದೆವು. ಜಡಿಮಳೆಯೆಂದು ಕಿಟಕಿ, ಬಾಗಿಲು ಎಲ್ಲ ಮುಚ್ಚಿತ್ತು. ಬೆಳಗಿನ ಜಾವ ಚಹಾಕ್ಕೆಂದು ಎದ್ದು ದೀಪದ ಸ್ವಿಚ್ಚಿಗೆ ಕೈ ಚಾಚಿದೆ. ನೆಲದಲ್ಲಿ ಚಾಪೆಯ ಮೇಲೆ ಮಲಗಿದ್ದ ನನ್ನ ಹೆಂಡತಿ, "ಮುಟ್ಟಬೇಡಿ, ಗ್ಯಾಸಿನ ವಾಸನೆ!" ಎಂದು ಕೂಗಿದಳು. ನಿಂತಿದ್ದ ನನ್ನ ಮೂಗಿಗೆ ಏನೂ ಬಡಿದಿರಲಿಲ್ಲ. ನೋಡಿದರೆ ಒಲೆಯ ಒಂದು ಗುಂಡಿ ಪೂರಾ ತಿರುಗಿರಲಿಲ್ಲ. ರೆಗ್ಯುಲೇಟರನ್ನು ರಾತ್ರಿ ಬಂದ್ ಮಾಡಿರಲೇ ಇಲ್ಲ. ಎರಡು ಬೀಗದಲ್ಲಿ ಒಂದನ್ನೂ ನಾನು ಹಾಕಿರಲಿಲ್ಲ.

ಅವಳಿಗೆ ಮೊದಲು ವಾಸನೆ ಬಂದದ್ದೇಕೆ? ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಅನಿಲಗಳು. ಇವು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಹೊಗೆಯಂತೆ ಮೇಲಕ್ಕೆ ಹೋಗುವುದಿಲ್ಲ, ನೀರಿನಂತೆ ನೆಲ ಹಿಡಿದು ಹರಿಯುತ್ತವೆ. ಇವಕ್ಕೆ ತಮ್ಮದೇ ಆದ ವಾಸನೆಯೂ ಇಲ್ಲ. ಸೋರಿದರೆ ತಿಳಿಯಲೆಂದು ಮರ್ಕ್ಯಾಪ್ಟನ್ ಎಂಬ ವಸ್ತುವನ್ನು ಬೆರೆಸುತ್ತಾರೆ. ಕೊಂಕಣಿಯಲ್ಲಿ ನಾವು "ಘಾಣ್" ಎನ್ನುವ ಆ ನಾತವೇ ನಮ್ಮ ಕಾವಲುಗಾರ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಗ್ಯಾಸು ಬೆರೆತರೂ ಒಂದು ಕಿಡಿ ಸಾಕು.

ಈ ಒಂದು ಮಾತು ನೆನಪಿದ್ದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಸಿಲಿಂಡರನ್ನು ತಗ್ಗಿನಲ್ಲಾಗಲಿ, ಗಾಳಿಯಾಡದ ಕಪಾಟಿನಲ್ಲಾಗಲಿ ಇಡಬಾರದು. ನೆಟ್ಟಗೆ ನಿಲ್ಲಿಸಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ವಾಸನೆ ಬಂದರೆ ಮೇಲಿನ ಕಿಟಕಿಯಷ್ಟೇ ಸಾಲದು, ಬಾಗಿಲನ್ನೂ ತೆರೆಯಬೇಕು. ದೇವರ ದೀಪ, ಊದುಬತ್ತಿ ಆರಿಸಿ. ರೆಗ್ಯುಲೇಟರ್ ಬಂದ್ ಮಾಡಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಹಾಕಿದ್ದನ್ನು ತೆಗೆಯಲೂ ಬೇಡಿ. ಎಲ್ಲರೂ ಹೊರಗೆ ಬಂದು, ಅಲ್ಲಿಂದ 1906ಕ್ಕೆ ಫೋನು ಮಾಡಿ. ಗ್ಯಾಸು ಸೋರಿಕೆಗೆಂದೇ ಇರುವ ಈ ಸಂಖ್ಯೆ ಹಗಲು ರಾತ್ರಿ ತೆರೆದಿರುತ್ತದೆ.

ಸಿಲಿಂಡರ್ ಮನೆಗೆ ಬಂದಾಗ ತೂಕ ಮಾಡಿಸಿ ತೆಗೆದುಕೊಳ್ಳಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿದೆ, ಅದಕ್ಕೆ 14.2 ಕಿಲೋ ಕೂಡಿಸಿ ನೋಡಿ. ಠೇವಣಿಗೆ ವಾಯಿದೆ ಇದ್ದಂತೆ ಸಿಲಿಂಡರಿಗೂ ತಪಾಸಣೆಯ ವಾಯಿದೆ ಇದೆ. ಮೇಲಿನ ಬಳೆಯನ್ನು ಹಿಡಿದಿರುವ ಪಟ್ಟಿಯ ಒಳಬದಿಯಲ್ಲಿ ಅಕ್ಷರವೂ ಅಂಕಿಯೂ ಕಾಣುತ್ತವೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಸಿ 29 ಎಂದಿದ್ದರೆ 2029ರ ಸೆಪ್ಟೆಂಬರ್ ಕೊನೆಯವರೆಗೆ. ವಾಯಿದೆ ಮುಗಿದಿದ್ದರೆ ಹಿಂದಕ್ಕೆ ಕಳಿಸಿ, ಸಂಕೋಚ ಬೇಡ. ಸೋರುವುದನ್ನು ಸಾಬೂನಿನ ನೊರೆ ಹಚ್ಚಿ ನೋಡಿ, ಕಡ್ಡಿ ಗೀರಿ ಎಂದೂ ಅಲ್ಲ. ಐಎಸ್‌ಐ ಗುರುತಿನ ಸುರಕ್ಷಾ ಕೊಳವೆಯನ್ನೇ ಹಾಕಿ, ಐದು ವರ್ಷಕ್ಕೊಮ್ಮೆ ಬದಲಿಸಿ.

ಗಡಿ ದಾಟಿ ಗೋವೆಗೆ ಕೂಲಿಗೆ ಬಂದ ನಮ್ಮ ಜನರಿಗೆ ಒಂದು ಮಾತು. ಇಲ್ಲಿಯ ವಿಳಾಸದ ಕಾಗದವಿಲ್ಲವೆಂದು ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಕದ್ದು ತುಂಬಿಸಿಕೊಳ್ಳುವವರಿದ್ದಾರೆ. ಬೇಡ, ಅದು ಜೀವಕ್ಕೆ ಎರವು. ತೈಲ ಕಂಪನಿಗಳು 2013ರಿಂದ 5 ಕಿಲೋದ ಸಿಲಿಂಡರನ್ನು ವಿಳಾಸದ ಪುರಾವೆ ಕೇಳದೆ ಮಾರುತ್ತಿವೆ. ಗುರುತಿನ ಚೀಟಿ ತೋರಿಸಿದರೆ ಸಾಕು.

ಇನ್ನು ಉಳಿತಾಯ. ಉಕಡೆ ಅಕ್ಕಿ, ಎಂದರೆ ನಮ್ಮ ಕುಚ್ಚಲಕ್ಕಿ, ಬೇಯಲು ಹೊತ್ತು ಹಿಡಿಯುತ್ತದೆ. ಮೊದಲೇ ನೆನೆಹಾಕಿ, ಮುಚ್ಚಳ ಮುಚ್ಚಿ ಬೇಯಿಸಿ. ಕುದಿ ಬಂದ ಮೇಲೆ ಉರಿ ತಗ್ಗಿಸಿ. ಪಾತ್ರೆಯ ಬುಡದಿಂದ ಹೊರಗೆ ಚಾಚಿದ ಉರಿ ಗಾಳಿಗೆ ಕೊಟ್ಟ ಸಾಲ, ತಿರುಗಿ ಬರುವುದಿಲ್ಲ. ಉರಿ ನೀಲಿಯಾಗಿರಬೇಕು. ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಬರ್ನರಿನ ತೂತು ತೊಳೆಯಿರಿ. ಹಾಲಿಟ್ಟು ಆಚೆ ಹೋಗಬೇಡಿ. ಉಕ್ಕಿದ ಹಾಲು ಉರಿಯನ್ನು ಆರಿಸುತ್ತದೆ, ಗ್ಯಾಸು ಮಾತ್ರ ಹರಿಯುತ್ತಲೇ ಇರುತ್ತದೆ.

ಈಗ ನಮ್ಮ ಮನೆಯ ಕ್ರಮ ಹೀಗಿದೆ. ರಾತ್ರಿಯ ಅಡಿಗೆ ಮುಗಿದೊಡನೆ ಒಲೆ ಉರಿಯುತ್ತಿರುವಾಗಲೇ ರೆಗ್ಯುಲೇಟರ್ ಬಂದ್ ಮಾಡುವವಳು ಅವಳು. ಕೊಳವೆಯಲ್ಲಿ ಉಳಿದ ಗ್ಯಾಸು ಉರಿದು ಆರಿದ ಮೇಲೆ ಗುಂಡಿ ತಿರುಗಿಸುವವನು ನಾನು. ಎರಡು ಬೀಗ, ಇಬ್ಬರ ಕೈ. ನೀವೂ ಇಂದು ಮಲಗುವ ಮುನ್ನ ಒಮ್ಮೆ ಆ ರೆಗ್ಯುಲೇಟರನ್ನು ಮುಟ್ಟಿ ನೋಡಿ ಬನ್ನಿ.