ತಣ್ಣೀರಿಗೆ ಇಳಿಯುವವರ ಡ್ರೈ ಸೂಟ್

ಐಸ್‌ಲ್ಯಾಂಡಿನ ಸಿಲ್‌ಫ್ರಾ ಬಿರುಕಿನಲ್ಲಿ ನೀರಿನ ಉಷ್ಣತೆ ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್. ವಿದೇಶದಲ್ಲಿರುವ ನಿಮ್ಮ ಮಗನೋ ಮಗಳೋ ಅಲ್ಲಿ ಮುಳುಗಲು ಹೊರಟಿದ್ದರೆ ಇದನ್ನು ಓದಿ ಹೇಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖವನ್ನು ಸೆಳೆಯುತ್ತದೆ. ಆದ್ದರಿಂದಲೇ ಅಲ್ಲಿ ನೀರು ಒಳಹೋಗದ ಡ್ರೈ ಸೂಟ್ ತೊಡುತ್ತಾರೆ.

ಮೈಯನ್ನು ಮುಖ್ಯವಾಗಿ ಬೆಚ್ಚಗಿಡುವುದು ಒಳಗಿನ ಉಣ್ಣೆಬಟ್ಟೆ ಮತ್ತು ಅದರಲ್ಲಿ ನಿಂತ ಗಾಳಿ. ಹತ್ತಿಯ ಬನಿಯನ್ ಬೇಡ. ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ.

ಕುತ್ತಿಗೆ ಮತ್ತು ಮಣಿಕಟ್ಟಿನ ರಬ್ಬರ್ ಪಟ್ಟಿಗಳು ನೀರನ್ನು ತಡೆಯುತ್ತವೆ. ವೈದ್ಯನಾಗಿ ನನಗೆ ಹೆಚ್ಚು ಚಿಂತೆ ಕುತ್ತಿಗೆಯದೇ. ಅದು ಅತಿ ಬಿಗಿಯಾದರೆ ಅಲ್ಲಿನ ರಕ್ತನಾಳದ ಮೇಲೆ ಒತ್ತಡ ಬಿದ್ದು, ನಾಡಿ ನಿಧಾನವಾಗಿ, ರಕ್ತದೊತ್ತಡ ಇಳಿದು ಮೂರ್ಛೆ ಬರಬಹುದು. ದಡದಲ್ಲೇ ತೊಟ್ಟು ನೋಡಲಿ. ತಲೆ ತಿರುಗಿದಂತಾದರೆ ಬೇರೆ ಅಳತೆಯದನ್ನು ಕೇಳಲಿ.

ಎದೆಯ ಮೇಲಿನ ಗುಂಡಿ ಒತ್ತಿದರೆ ಗಾಳಿ ಒಳಬರುತ್ತದೆ. ಸಾಮಾನ್ಯವಾಗಿ ಎಡತೋಳಿನಲ್ಲಿರುವ ಕವಾಟದಿಂದ ಹೊರಹೋಗುತ್ತದೆ. ಇಳಿಯುವಾಗ ಗಾಳಿ ಸೇರಿಸದಿದ್ದರೆ ಸೂಟು ಮೈಯನ್ನು ಹಿಂಡಿ ಬಾಸುಂಡೆ ಎಬ್ಬಿಸುತ್ತದೆ. ಏರುವಾಗ ಇದು ತಿರುಗುಮುರುಗು. 10 ಮೀಟರ್ ಆಳದಲ್ಲಿದ್ದ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟಾಗುತ್ತದೆ. ಅದನ್ನು ಬಿಡದಿದ್ದರೆ, ಇಲ್ಲವೇ ತಲೆಕೆಳಗಾಗಿ ಗಾಳಿಯೆಲ್ಲ ಕಾಲಿಗೆ ಸೇರಿದರೆ, ಮನುಷ್ಯ ಬೆಂಡಿನಂತೆ ಮೇಲಕ್ಕೆ ಚಿಮ್ಮುತ್ತಾನೆ. ಆಗ ಉಸಿರು ಬಿಗಿಹಿಡಿದರೆ ಶ್ವಾಸಕೋಶವೇ ಹರಿದೀತು. ಮೈ ಮುದುಡಿ ಉರುಳಿ, ತಲೆ ಮೇಲೆ ಮಾಡಿ ಗಾಳಿ ಬಿಡಬೇಕು. ಇದನ್ನು ಮೊದಲು ಈಜುಕೊಳದಲ್ಲಿ ತರಬೇತುದಾರರಿಂದ ಕಲಿತಿರಬೇಕು.

ಮೂತ್ರಕ್ಕೆ ಹೆದರಿ ನೀರು ಕುಡಿಯದವರುಂಟು. ತಣ್ಣೀರಿನಲ್ಲಿ ಮೂತ್ರ ಹೆಚ್ಚುವುದು ಸಹಜ, ಕುಡಿಯುವುದನ್ನು ಬಿಡಬಾರದು. ಮೇಲೆ ಬಂದ ಬಳಿಕ ಕೀಲುನೋವು, ಜೋಮು, ಚರ್ಮದಲ್ಲಿ ಕಲೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ವಿಮಾನ ಏರುವ ಮೊದಲು ಕನಿಷ್ಠ 18 ಗಂಟೆ ಕಳೆದಿರಲಿ.