ಮಾಸಾಶನದ ಅಲೆದಾಟಕ್ಕೆ ಉಚಿತ ವಕೀಲರ ಆಸರೆ

ಅಂಗವಿಕಲರಿಗೆ ಸರ್ಕಾರ ಮಾಸಾಶನ ಕೊಡುತ್ತದೆ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಅದು ಕೈಸೇರುವ ಮುನ್ನ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಬೇಕು ಎಂಬುದು ಹತ್ತಿದವರಿಗಷ್ಟೇ ಗೊತ್ತು. ನಡೆಯಲಾರದವರನ್ನೇ ಹತ್ತಾರು ಸಲ ನಡೆಸುವ ಈ ಅಲೆದಾಟಕ್ಕೆ ಸೋತು ಕೆಲವರು ಆಸೆ ಬಿಡುತ್ತಾರೆ. ಇನ್ನು ಕೆಲವರು ಸಾಲ ಮಾಡಿ ಮಧ್ಯವರ್ತಿಯ ಕೈ ಬೆಚ್ಚಗೆ ಮಾಡುತ್ತಾರೆ. ನಿಯಮ ತಿಳಿದಿದ್ದರೆ ಎರಡೂ ಬೇಕಿಲ್ಲ.

ಎಲ್ಲಕ್ಕೂ ಮೂಲ ವೈದ್ಯಕೀಯ ಪ್ರಮಾಣಪತ್ರ. 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಹಕ್ಕುಗಳ ಕಾಯ್ದೆ ಈ ಪಟ್ಟಿಯನ್ನು 21ಕ್ಕೆ ಏರಿಸಿತು. ಆಟಿಸಂ, ಪಾರ್ಕಿನ್ಸನ್, ಥಲಸ್ಸೇಮಿಯ ಇರುವವರೂ ಆ್ಯಸಿಡ್ ದಾಳಿಗೆ ತುತ್ತಾದವರೂ ಈಗ ಇದರ ವ್ಯಾಪ್ತಿಗೆ ಬರುತ್ತಾರೆ. ಹೀಗಾಗಿ ‘ಕೈಕಾಲು ನೆಟ್ಟಗಿದೆಯಲ್ಲ’ ಎಂದು ಯಾರಾದರೂ ಹಿಂದಕ್ಕೆ ಕಳುಹಿಸಿದರೆ ಅದನ್ನು ಒಪ್ಪಬೇಕಾಗಿಲ್ಲ.

ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40ರಷ್ಟು ವೈಕಲ್ಯವಿರಬೇಕು. ಸರ್ಕಾರಿ ನೌಕರಿಯಲ್ಲಿ ಶೇ 4 ಹಾಗೂ ಉನ್ನತ ಶಿಕ್ಷಣದಲ್ಲಿ ಶೇ 5ರ ಮೀಸಲಾತಿಗೂ ಇದೇ ಅಳತೆಗೋಲು. ಆದ್ದರಿಂದ ಪ್ರಮಾಣಪತ್ರದ ಒಂದೆರಡು ಅಂಕಿಯ ವ್ಯತ್ಯಾಸ ಒಬ್ಬರ ಬದುಕನ್ನೇ ಅತ್ತಿತ್ತ ಮಾಡಬಲ್ಲದು. ವೈದ್ಯರು ಕೊಟ್ಟ ಪ್ರಮಾಣ ತಪ್ಪೆನಿಸಿದರೆ ಮೇಲ್ಮನವಿ ಸಲ್ಲಿಸಲು ಕಾಯ್ದೆಯ 59ನೇ ಕಲಂ ಅವಕಾಶ ಕೊಡುತ್ತದೆ. ಈ ಕಲಂ ತಿಳಿಯದೆ ಸುಮ್ಮನಾದವರು ನಷ್ಟಕ್ಕೆ ಒಳಗಾಗುತ್ತಾರೆ.

ಕರ್ನಾಟಕದಲ್ಲಿ ಮಾಸಾಶನದ ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬಹುದು. ವೈಕಲ್ಯದ ಪ್ರಮಾಣ ನೋಡಿ ಮೊತ್ತ ನಿಗದಿಯಾಗುತ್ತದೆ. ಕುಟುಂಬದ ಆದಾಯವನ್ನೂ ಗಮನಿಸಲಾಗುತ್ತದೆ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಪತ್ರ ಪಡೆಯದೆ ಬರಬಾರದು. 2011ರ ಸಕಾಲ ಕಾಯ್ದೆಯಡಿ ಅದರಲ್ಲಿರುವ ಸಂಖ್ಯೆಯೇ ಅರ್ಜಿದಾರರ ಕೈಯಲ್ಲಿರುವ ಅಸ್ತ್ರ. ಗಡುವು ಮೀರಿದರೆ ಮೇಲಧಿಕಾರಿಗೆ ಮನವಿ ಮಾಡಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರವನ್ನೂ ಕೇಳಬಹುದು.

ಅರ್ಜಿ ತಿರಸ್ಕೃತವಾದರೆ ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗಬೇಡಿ. ಕಾರಣ ನಮೂದಿಸಿದ ಹಿಂಬರಹವನ್ನು ಕೇಳಿ ಪಡೆಯಿರಿ. ಆ ಒಂದು ಹಾಳೆ ಇಲ್ಲದಿದ್ದರೆ ವಕೀಲರಿಗೂ ವಾದಕ್ಕೆ ಹಿಡಿತ ಸಿಗುವುದಿಲ್ಲ.

ವಕೀಲರೆಂದರೆ ದುಡ್ಡು ಎಂಬ ಅಳುಕು ಸಹಜ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಸಮಿತಿ, ಜಿಲ್ಲೆಯಲ್ಲಿ ಪ್ರಾಧಿಕಾರ ಇರುತ್ತವೆ. ಬಿಳಿ ಹಾಳೆಯಲ್ಲಿ ಬರೆದ ಅರ್ಜಿಯೂ ನಡೆಯುತ್ತದೆ. ಬರೆಯಲು ಬಾರದಿದ್ದರೆ ಅಲ್ಲಿನವರೇ ಹೇಳಿಕೆ ಬರೆದುಕೊಳ್ಳುತ್ತಾರೆ. ಹೋಗಲಾಗದವರು 15100ಕ್ಕೆ ಫೋನ್ ಮಾಡಬಹುದು.

ಹಕ್ಕು ನಿರಾಕರಿಸಿದಾಗ ದೂರು ಕೇಳಲು ರಾಜ್ಯ ಅಂಗವಿಕಲರ ಆಯುಕ್ತರೂ ಇದ್ದಾರೆ. ವಿಚಾರಣೆಗೆ ಹಾಜರಾಗುವಂತೆ ಸಮನ್ಸ್ ಕೊಡುವ, ಕಡತ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ.

ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ, ಸ್ವೀಕೃತಿ ಪತ್ರ ಇವೆಲ್ಲದರ ನಕಲು ಒಂದು ಚೀಲದಲ್ಲಿರಲಿ. ಮೂಲ ಪ್ರತಿಯನ್ನು ಮಾತ್ರ ಯಾವ ಮಧ್ಯವರ್ತಿಯ ಕೈಗೂ ಕೊಡಬೇಡಿ.