ಪುಟ್ಟ ಪತ್ರಿಕೆಗಳೂ ಅಂಚೆಯ ದರವೂ

ತಿಂಗಳಿಗೊಮ್ಮೆ ಅಂಚೆಯಣ್ಣ ತಂದುಕೊಡುವ ಮಾಸಪತ್ರಿಕೆಯನ್ನು ನಾವು ಕುತೂಹಲದಿಂದ ಬಿಡಿಸಿ ಓದುತ್ತೇವೆ. ಅದರೊಳಗಿನ ಕಥೆ, ಚಿತ್ರ, ಒಗಟುಗಳು ನಮ್ಮ ಮನಸ್ಸನ್ನು ಸೆಳೆಯುತ್ತವೆ. ಆದರೆ ಅದನ್ನು ನಮ್ಮ ಮನೆಗೆ ತಲುಪಿಸಲು ಎಷ್ಟು ಅಂಚೆವೆಚ್ಚ ತಗಲಿತು ಎಂದು ಯೋಚಿಸುವವರು ವಿರಳ. ಒಂದು ಪತ್ರಿಕೆ ಬಾಳುವುದೋ ನಿಂತುಹೋಗುವುದೋ ಎಂಬುದು ಎಷ್ಟೋ ವೇಳೆ ಈ ವೆಚ್ಚವನ್ನೇ ಅವಲಂಬಿಸಿರುತ್ತದೆ. ಮಕ್ಕಳೇ ಬರೆದು, ಮಕ್ಕಳೇ ಅಚ್ಚುಮಾಡಿ, ಮಕ್ಕಳಿಗಾಗಿಯೇ ಹೊರಡಿಸುವ ಪುಟ್ಟ ಪತ್ರಿಕೆಗಳ ವಿಷಯದಲ್ಲಂತೂ ಈ ಮಾತು ಪೂರ್ಣ ಸತ್ಯ.

ಪತ್ರಿಕೆಗಳನ್ನು ಖಾಸಗಿ ಕಾಗದಗಳಿಗಿಂತ ಕಡಿಮೆ ದರದಲ್ಲಿ ಸಾಗಿಸುವುದು ಬಹಳ ಹಿಂದಿನಿಂದ ಬಂದ ಪದ್ಧತಿ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1792ರಲ್ಲಿಯೇ ಇದಕ್ಕಾಗಿ ಕಾನೂನು ರಚನೆಯಾಯಿತು. ಅದರಂತೆ ಒಂದು ಹಾಳೆಯ ಕಾಗದಕ್ಕೆ ದೂರವನ್ನನುಸರಿಸಿ 6ರಿಂದ 25 ಸೆಂಟುಗಳವರೆಗೆ ತೆರಬೇಕಾಗಿತ್ತು. ಪತ್ರಿಕೆಗಾದರೋ 100 ಮೈಲಿಗಳವರೆಗೆ ಒಂದು ಸೆಂಟು, ಅದಕ್ಕೂ ದೂರವಾದರೆ ಒಂದೂವರೆ ಸೆಂಟು ಮಾತ್ರ. ಕಾಗದವು ಒಬ್ಬನಿಗೆ ಸಂಬಂಧಿಸಿದ್ದು. ಪತ್ರಿಕೆಯು ನಾಡಿಗೆಲ್ಲ ಸಂಬಂಧಿಸಿದ್ದು. ತಮ್ಮನ್ನು ತಾವೇ ಆಳಿಕೊಳ್ಳುವ ಜನರಿಗೆ ತಿಳಿವಳಿಕೆ ಅತ್ಯಗತ್ಯ. ಆದುದರಿಂದ ಅದನ್ನು ಹರಡುವ ಭಾರದಲ್ಲಿ ಸರ್ಕಾರವೂ ಪಾಲುಗೊಳ್ಳಬೇಕು ಎಂಬುದೇ ಈ ರಿಯಾಯಿತಿಯ ತಿರುಳು.

ಅದೇ ದೇಶದಲ್ಲಿ 1867ರಲ್ಲಿ ಬಾಸ್ಟನ್ ನಗರದ ಬೆಂಜಮಿನ್ ವುಡ್ಸ್ ಎಂಬಾತನು ಮೇಜಿನ ಮೇಲಿಟ್ಟು ನಡೆಸಬಹುದಾದ ಒಂದು ಚಿಕ್ಕ ಅಚ್ಚಿನ ಯಂತ್ರವನ್ನು ಮಾರಾಟಕ್ಕೆ ತಂದನು. ಇಂತಹ ಅಗ್ಗದ ಯಂತ್ರಗಳು ಬಂದೊಡನೆ ಬಾಲಕರಲ್ಲಿ ಹೊಸದೊಂದು ಹುಮ್ಮಸ್ಸು ಮೂಡಿತು. ಶಾಲೆಯಿಂದ ಹಿಂದಿರುಗಿದ ಹುಡುಗರು ತಾವೇ ಮೊಳೆ ಜೋಡಿಸಿ, ಮಸಿ ಬಳಿದು, ಅಂಗೈಯಗಲದ ಪತ್ರಿಕೆಗಳನ್ನು ಹೊರಡಿಸತೊಡಗಿದರು. ಹುಡುಗಿಯರೂ ಈ ಕೆಲಸದಲ್ಲಿ ಹಿಂದೆ ಬೀಳಲಿಲ್ಲ. 1870ರ ದಶಕದಲ್ಲಿ ಇಂತಹ ನೂರಾರು ಪತ್ರಿಕೆಗಳು ಹುಟ್ಟಿದವು. 1876ರಲ್ಲಿ ಈ ಕಿರಿಯ ಸಂಪಾದಕರು ಫಿಲಡೆಲ್ಫಿಯ ನಗರದಲ್ಲಿ ಸೇರಿ ತಮ್ಮದೇ ಆದ ರಾಷ್ಟ್ರೀಯ ಸಂಘವೊಂದನ್ನೂ ಸ್ಥಾಪಿಸಿಕೊಂಡರು. ಅವರು ಪತ್ರಿಕೆಯನ್ನು ಮಾರಿ ಹಣ ಗಳಿಸುತ್ತಿದ್ದುದು ಅಪರೂಪ. ಒಬ್ಬನು ತನ್ನ ಪತ್ರಿಕೆಯನ್ನು ಮತ್ತೊಬ್ಬನಿಗೆ ಕಳುಹಿಸಿ, ಅವನ ಪತ್ರಿಕೆಯನ್ನು ತಾನು ಪಡೆಯುತ್ತಿದ್ದನು. ಈ ವಿನಿಮಯಕ್ಕೆ ಅಂಚೆಯೇ ಆಧಾರವಾಗಿತ್ತು.

1879ರಲ್ಲಿ ಹೊಸ ಅಂಚೆ ಕಾನೂನು ಜಾರಿಗೆ ಬಂದಿತು. ಅದು ಪತ್ರಿಕೆಗಳನ್ನು ಎರಡನೆಯ ದರ್ಜೆಯಲ್ಲಿ ಸೇರಿಸಿ, ಒಂದು ಪೌಂಡು ತೂಕಕ್ಕೆ ಕೇವಲ 2 ಸೆಂಟುಗಳ ದರವನ್ನು ಗೊತ್ತುಪಡಿಸಿತು. ಆದರೆ ಈ ದರ ದೊರೆಯಬೇಕಾದರೆ ಪತ್ರಿಕೆಗೆ ನಿಜವಾದ ಚಂದಾದಾರರ ಪಟ್ಟಿ ಇರಬೇಕು. ಅದನ್ನು ಪುಕ್ಕಟೆಯಾಗಿಯಾಗಲಿ ನಾಮಮಾತ್ರದ ಬೆಲೆಗಾಗಲಿ ಹಂಚಲು ಹೊರಡಿಸಿರಬಾರದು ಎಂಬ ನಿಬಂಧನೆಗಳಿದ್ದವು. ವಿನಿಮಯದಿಂದಲೇ ಬದುಕಿದ್ದ ಮಕ್ಕಳ ಪತ್ರಿಕೆಗಳು ಬಹುಮಟ್ಟಿಗೆ ಈ ಸೌಲಭ್ಯದಿಂದ ಹೊರಗುಳಿದವು. ಮೂರನೆಯ ದರ್ಜೆಯ ದರವೇ ಅವುಗಳಿಗೆ ಗತಿಯಾಯಿತು. ಅಲ್ಲಿ ಪ್ರತಿಯೊಂದು ಕಟ್ಟಿಗೂ 2 ಔನ್ಸುಗಳವರೆಗೆ ಒಂದು ಸೆಂಟು ಕೊಡಬೇಕಾಗಿತ್ತು.

ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಬಾಲಕನೊಬ್ಬನ ಪತ್ರಿಕೆಯ ಪ್ರತಿಯೊಂದು ಅರ್ಧ ಔನ್ಸು ತೂಗುವುದೆಂದು ಇಟ್ಟುಕೊಳ್ಳೋಣ. ಪೌಂಡಿಗೆ 16 ಔನ್ಸುಗಳಾದುದರಿಂದ 32 ಪ್ರತಿಗಳು ಒಂದು ಪೌಂಡಾಗುತ್ತವೆ. ಎರಡನೆಯ ದರ್ಜೆಯಲ್ಲಿ ಇಷ್ಟಕ್ಕೂ 2 ಸೆಂಟು ಸಾಕು. ಮೂರನೆಯ ದರ್ಜೆಯಲ್ಲಿ ಬೇರೆ ಬೇರೆ ವಿಳಾಸಗಳಿಗೆ ಹೋಗುವ ಒಂದೊಂದು ಪ್ರತಿಗೂ ಒಂದೊಂದು ಸೆಂಟಿನಂತೆ 32 ಸೆಂಟು ಬೇಕು. ಎಂದರೆ ಬೆಳೆದವರ ದೊಡ್ಡ ಪತ್ರಿಕೆಗಿಂತ ಮಗುವಿನ ಪತ್ರಿಕೆ ತೂಕಕ್ಕೆ ಹದಿನಾರು ಪಾಲು ಹೆಚ್ಚು ತೆರಬೇಕಾಯಿತು! 1885ರಲ್ಲಿ ಎರಡನೆಯ ದರ್ಜೆಯ ದರವು ಪೌಂಡಿಗೆ ಒಂದು ಸೆಂಟಿಗೆ ಇಳಿದಾಗ ಈ ಅಂತರ ಮೂವತ್ತೆರಡು ಪಾಲಾಯಿತು. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಲ್ಲಿ ಅಕ್ಷರಶಃ ಒಪ್ಪುತ್ತದೆ.

ಹಾಗೆಂದು ಕಾನೂನು ಮಾಡಿದವರು ಮಕ್ಕಳ ವೈರಿಗಳೆಂದು ಭಾವಿಸಬಾರದು. ಆ ಕಾಲದಲ್ಲಿ ವರ್ತಕರು ತಮ್ಮ ಸರಕಿನ ಜಾಹೀರಾತುಗಳಿಗೆ ಪತ್ರಿಕೆಯ ವೇಷ ತೊಡಿಸಿ, ಕಡಿಮೆ ದರದಲ್ಲಿ ರಾಶಿರಾಶಿಯಾಗಿ ಅಂಚೆಗೆ ಹಾಕುತ್ತಿದ್ದರು. ಆ ನಷ್ಟ ಸಾರ್ವಜನಿಕರ ತಲೆಯ ಮೇಲೆ ಬೀಳುತ್ತಿತ್ತು. ಅದನ್ನು ತಡೆಯುವುದು ನ್ಯಾಯವೇ ಆಗಿತ್ತು. ಆದರೆ ದೊಡ್ಡ ಮೀನನ್ನು ಹಿಡಿಯಲು ಬೀಸಿದ ಬಲೆಯಲ್ಲಿ ಸಣ್ಣ ಮೀನುಗಳೂ ಸಿಕ್ಕಿಕೊಂಡವು.

ನಮ್ಮ ದೇಶದ ಕಾನೂನಿನಲ್ಲಿಯೂ ಇಂತಹದೇ ಅಳತೆಗೋಲನ್ನು ಕಾಣಬಹುದು. 1898ರ ಭಾರತೀಯ ಅಂಚೆ ಕಚೇರಿ ಅಧಿನಿಯಮವು 2024ರವರೆಗೆ ಜಾರಿಯಲ್ಲಿದ್ದಿತು. ಆ ವರ್ಷದ ಜೂನ್ ತಿಂಗಳಲ್ಲಿ 2023ರ ಹೊಸ ಅಧಿನಿಯಮವು ಅದರ ಸ್ಥಾನಕ್ಕೆ ಬಂದಿತು. ಹಳೆಯ ಅಧಿನಿಯಮದಂತೆ, ವೃತ್ತಪತ್ರಿಕೆಯೆಂದು ನೋಂದಣಿಯಾಗಲು ಸುದ್ದಿ ಅಥವಾ ಪ್ರಚಲಿತ ವಿಷಯಗಳೇ ಬಹುಪಾಲು ಇರಬೇಕಾಗಿತ್ತು; ಎರಡು ಸಂಚಿಕೆಗಳ ನಡುವೆ 31 ದಿನಗಳಿಗಿಂತ ಹೆಚ್ಚು ಅಂತರವಿರಕೂಡದಾಗಿತ್ತು; ನಿಜವಾದ ಚಂದಾದಾರರ ಪಟ್ಟಿಯೂ ಇರಬೇಕಾಗಿತ್ತು. ಕಥೆ ಕವನಗಳನ್ನು ತುಂಬಿಕೊಂಡು, ಪರೀಕ್ಷೆಗಳ ನಡುವೆ ಬಿಡುವು ದೊರೆತಾಗ ಹೊರಬರುವ ಶಾಲಾಮಕ್ಕಳ ಪತ್ರಿಕೆಯು ಇವುಗಳಿಗೆ ಹೇಗೆ ಒಪ್ಪೀತು?

ಹಾಗಾದರೆ ನ್ಯಾಯವಾದ ದರ ಯಾವುದು? ಎಲ್ಲರಿಗೂ ಒಂದೇ ನಿಬಂಧನೆ ವಿಧಿಸುವುದು ಮೇಲ್ನೋಟಕ್ಕೆ ಸಮಾನತೆಯಾಗಿ ಕಾಣುತ್ತದೆ. ಆದರೆ ಆನೆಯ ಹೊರೆಯನ್ನು ಆಡಿನ ಮರಿಯ ಮೇಲೆ ಹೊರಿಸುವುದು ಸಮಾನತೆಯಲ್ಲ. ರಿಯಾಯಿತಿಯ ಉದ್ದೇಶ ತಿಳಿವಳಿಕೆಯನ್ನು ಹರಡುವುದಾದರೆ, ಪತ್ರಿಕೆಯ ಗಾತ್ರಕ್ಕಿಂತ ಅದರ ಉದ್ದೇಶವನ್ನೇ ನೋಡಬೇಕು. ಜಾಹೀರಾತುಗಳಿಲ್ಲದ, ಪ್ರತಿಗಳ ಸಂಖ್ಯೆಗೆ ಮಿತಿಯುಳ್ಳ, ಶಿಕ್ಷಕರೊಬ್ಬರು ದೃಢೀಕರಿಸಿದ ಮಕ್ಕಳ ಪತ್ರಿಕೆಗೆ ಕಡಿಮೆ ದರ ನೀಡಿದರೆ ವರ್ತಕರ ವಂಚನೆಗೂ ಎಡೆಯಿರದು, ಅಂಚೆ ಇಲಾಖೆಗೂ ಹೆಚ್ಚಿನ ಹೊರೆಯಾಗದು.

ಅಮೆರಿಕದ ಆ ಬಾಲಕರ ಪತ್ರಿಕೆಗಳು ಇಂದು ವೂಸ್ಟರ್ ನಗರದ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಯ ಗ್ರಂಥಾಲಯದಲ್ಲಿ ಜೋಪಾನವಾಗಿವೆ. ವಿದ್ವಾಂಸರು ಅವುಗಳನ್ನು ಆದರದಿಂದ ತೆರೆದು ಓದುತ್ತಾರೆ. ಅಂದು ಅಂಚೆಯ ತಕ್ಕಡಿ ಅವುಗಳ ತೂಕವನ್ನು ಮಾತ್ರ ಕಂಡಿತು. ಅವುಗಳ ಬೆಲೆಯನ್ನು ಕಾಣಲು ಬೇರೆಯ ತಕ್ಕಡಿಯೇ ಬೇಕಾಗಿತ್ತು.